ಎರಡು ದಿನಗಳ ಪ್ರವಾಸ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹಾಳೆಗಳನ್ನು ಮಗುಚಿದ ಮಾತ್ರಕ್ಕೆ ಪುಸ್ತಕವನ್ನು ಓದಿದಂತಾಗುವುದಿಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಊರುಗಳನ್ನು ಹಾದುಹೋದ ಮಾತ್ರಕ್ಕೆ ದೇಶವನ್ನು ಸುತ್ತಿದಂತಾಗುವುದಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ.

ಹಿಂದಿನ ಯಾತ್ರಿಕನು ಇದನ್ನು ಮರೆಯುವಂತಿರಲಿಲ್ಲ. ಘಟ್ಟವನ್ನು ಕಾಲ್ನಡಿಗೆಯಲ್ಲಿ ಇಳಿದು, ಹೊಳೆಗಳನ್ನು ದೋಣಿಯಲ್ಲಿ ದಾಟಿ, ಛತ್ರಗಳಲ್ಲಿ ತಂಗಿ ಅವನು ಊರನ್ನು ಸೇರಬೇಕಾಗಿತ್ತು. ಆ ವೇಳೆಗೆ ಊರಿನ ಕಥೆ, ನಡೆನುಡಿ, ಊಟ ಉಪಚಾರಗಳು ಅವನಿಗೆ ಅರ್ಧದಷ್ಟು ತಿಳಿದಿರುತ್ತಿದ್ದವು. ಇಂದಿನ ಪ್ರವಾಸಿಗೆ ರೈಲು, ಬಸ್ಸುಗಳ ಅನುಕೂಲವಿದೆ; ಇಲ್ಲದಿರುವುದು ಬಿಡುವು. ನೌಕರನ ರಜೆಗೆ ಮಿತಿಯಿದೆ, ವಿದ್ಯಾರ್ಥಿಗೆ ಪರೀಕ್ಷೆಯ ಒತ್ತಡವಿದೆ, ಗೃಹಸ್ಥನ ಕೈಯಲ್ಲಿರುವ ಹಣಕ್ಕೂ ಲೆಕ್ಕವಿದೆ. ಎಲ್ಲವನ್ನೂ ಹೊಂದಿಸಿದಾಗ ದೊರೆಯುವುದು ಎರಡು ದಿನ. ಅವಧಿ ಕಡಿಮೆಯೆಂದು ಹಳಿದು ಫಲವಿಲ್ಲ. ದೊರೆತ ಎರಡು ದಿನಗಳನ್ನು ಸಾರ್ಥಕಪಡಿಸಿಕೊಳ್ಳುವ ಬಗೆ ಯಾವುದೆಂಬುದೇ ವಿಚಾರ ಮಾಡಬೇಕಾದ ವಿಷಯ.

ಸಾಮಾನ್ಯವಾಗಿ ನಡೆಯುವುದೇನು? ಶಾಲೆಯ ಪ್ರವಾಸವನ್ನೇ ತೆಗೆದುಕೊಳ್ಳಬಹುದು. ಹೊರಡುವ ಮೊದಲು ಸ್ಥಳಗಳ ಉದ್ದವಾದ ಪಟ್ಟಿಯೊಂದು ಸಿದ್ಧವಾಗುತ್ತದೆ. ಪಟ್ಟಿ ಬೆಳೆದಷ್ಟೂ ಕೊಟ್ಟ ಹಣಕ್ಕೆ ಮೋಸವಿಲ್ಲವೆಂಬ ಸಮಾಧಾನ. ಬಸ್ಸು ಇರುಳೆಲ್ಲ ಓಡುತ್ತದೆ. ಮುಂಜಾನೆ ನಿದ್ದೆಗಣ್ಣಿನ ಮಕ್ಕಳನ್ನು ಒಂದು ದೇವಾಲಯದ ಮುಂದೆ ಇಳಿಸಿ, ಅರ್ಧ ಗಂಟೆಯಲ್ಲಿ ಮರಳಿ ಹತ್ತಿಸಲಾಗುತ್ತದೆ. ಹೀಗೆ ಎಂಟು ಹತ್ತು ಸ್ಥಳಗಳು ಮುಗಿದಾಗ ಮಕ್ಕಳ ನೆನಪಿನಲ್ಲಿ ಉಳಿಯುವುದು ಬಸ್ಸಿನಲ್ಲಿ ಹಾಡಿದ ಹಾಡು ಮತ್ತು ಎಲ್ಲಿಯೋ ತಡವಾಗಿ ಸಿಕ್ಕಿದ ಊಟ. ಯಾವ ಶಿಲ್ಪವನ್ನು ಎಲ್ಲಿ ಕಂಡೆವೆಂಬುದು ಒಂದು ವಾರದಲ್ಲಿ ಕಲಸಿಹೋಗುತ್ತದೆ. ಇದು ಮಕ್ಕಳ ದೋಷವಲ್ಲ. ಎಣಿಕೆಯನ್ನೇ ನೋಟವೆಂದು ಭ್ರಮಿಸಿದವರ ದೋಷ.

ಈ ಮಾತನ್ನು ಒರೆಗೆ ಹಚ್ಚಿ ನೋಡಲು ಉಡುಪಿಯ ಪರಿಸರಕ್ಕಿಂತ ಒಳ್ಳೆಯ ಪ್ರದೇಶ ಸಿಗುವುದು ಕಷ್ಟ. 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ರೂಪುಗೊಂಡ ಉಡುಪಿ ಜಿಲ್ಲೆಯಲ್ಲಿ ಪರಸ್ಪರ ಹೋಲಿಕೆಯೇ ಇಲ್ಲದ ನಾಲ್ಕು ಊರುಗಳು ಅತಿ ಸಮೀಪದಲ್ಲಿವೆ. ಉಡುಪಿ ಮಠಗಳ ಊರು. ಅಲ್ಲಿಂದ ಐದಾರು ಕಿಲೋಮೀಟರು ಪೂರ್ವಕ್ಕಿರುವ ಮಣಿಪಾಲ ವಿದ್ಯೆಯ ಊರು. ಹದಿಮೂರು ಕಿಲೋಮೀಟರಿನಷ್ಟು ದಕ್ಷಿಣಕ್ಕಿರುವ ಕಾಪು ಕಡಲಿನ ಊರು. ನಲವತ್ತು ಕಿಲೋಮೀಟರಿನೊಳಗೆ ಇರುವ ಕಾರ್ಕಳ ಕಲ್ಲಿನ ಊರು. ದೂರ ಕಡಿಮೆಯಾದುದರಿಂದಲೇ ಅವಸರದ ಆಸೆ ಹೆಚ್ಚಾಗುತ್ತದೆ. ಒಂದೇ ದಿನದಲ್ಲಿ ನಾಲ್ಕನ್ನೂ ಮುಗಿಸಿ ಇನ್ನೆರಡು ಊರುಗಳಿಗೆ ಹೋಗಬಹುದೆಂದು ಲೆಕ್ಕ ಹಾಕುವವರಿದ್ದಾರೆ. ಹೋಗಬಹುದು, ನಿಜ; ನೋಡಲಾಗುವುದಿಲ್ಲ.

ಅಲ್ಪಕಾಲದ ಪ್ರವಾಸಿಗೆ ಬೇಕಾದ ಮೊದಲನೆಯ ಸಾಧನವೆಂದರೆ ಪೂರ್ವಸಿದ್ಧತೆ. ಉಡುಪಿಯ ರಥಬೀದಿಯನ್ನು ಒಮ್ಮೆ ಸುತ್ತಿಬರಲು ಕಾಲು ಗಂಟೆ ಸಾಕು. ಏನನ್ನೂ ತಿಳಿಯದೆ ಬಂದವನಿಗೆ ಅದು ಅಂಗಡಿಗಳ ಸಾಲಿನ ಒಂದು ಬೀದಿ. ತಿಳಿದು ಬಂದವನಿಗೆ ಅದು ಏಳು ಶತಮಾನಗಳಿಗೂ ಮಿಕ್ಕಿದ ಇತಿಹಾಸ. ಶ್ರೀಕೃಷ್ಣನ ಪ್ರತಿಷ್ಠೆ 13ನೆಯ ಶತಮಾನದಲ್ಲಿ ಮಧ್ವಾಚಾರ್ಯರಿಂದ ಆಯಿತು. ಆದರೆ ಅದೇ ಬೀದಿಯಲ್ಲಿರುವ ಚಂದ್ರಮೌಳೀಶ್ವರ ಮತ್ತು ಅನಂತೇಶ್ವರ ದೇವಾಲಯಗಳು ಅದಕ್ಕಿಂತಲೂ ಹಳೆಯವು. ಮೊದಲು ಚಂದ್ರಮೌಳೀಶ್ವರ, ಬಳಿಕ ಅನಂತೇಶ್ವರ, ಆಮೇಲೆ ಶ್ರೀಕೃಷ್ಣ ಎಂಬ ದರ್ಶನದ ಕ್ರಮವನ್ನು ಸಂಪ್ರದಾಯವು ಉಳಿಸಿಕೊಂಡು ಬಂದಿದೆ. ‘ಉಡುಪ’ ಎಂದರೆ ನಕ್ಷತ್ರಗಳ ಒಡೆಯನಾದ ಚಂದ್ರ; ಊರಿನ ಹೆಸರನ್ನೇ ಚಂದ್ರಮೌಳೀಶ್ವರನೊಂದಿಗೆ ಜೋಡಿಸುವ ಐತಿಹ್ಯವಿದೆ. ಈ ಕ್ರಮವನ್ನು ಅರಿತು ನಡೆದವನು ಊರು ಬೆಳೆದ ಬಗೆಯನ್ನೇ ಹೆಜ್ಜೆ ಹೆಜ್ಜೆಯಾಗಿ ಅನುಸರಿಸಿದಂತಾಗುತ್ತದೆ.

ಒಂಬತ್ತು ರಂಧ್ರಗಳ ಬೆಳ್ಳಿಯ ಕಿಂಡಿಯ ಮೂಲಕ ಪಶ್ಚಿಮಾಭಿಮುಖನಾದ ಕೃಷ್ಣನನ್ನು ಕಾಣುವಾಗಲೂ ಹಾಗೆಯೇ. ಕನಕದಾಸರ ಭಕ್ತಿಯ ಐತಿಹ್ಯವನ್ನು ಬಲ್ಲವನಿಗೆ ಹೊರಗಿನ ಕನಕನ ಕಿಂಡಿಯು ಗೋಡೆಯ ರಂಧ್ರವಾಗಿ ತೋರುವುದಿಲ್ಲ. ಅಷ್ಟಮಠಗಳ ಪರ್ಯಾಯ ಪದ್ಧತಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಮಧ್ವಾಚಾರ್ಯರ ಕಾಲದಿಂದ ಎರಡು ತಿಂಗಳಿಗೊಮ್ಮೆ ನಡೆಯುತ್ತಿದ್ದ ಪೂಜಾಧಿಕಾರದ ಹಸ್ತಾಂತರವನ್ನು 16ನೆಯ ಶತಮಾನದಲ್ಲಿ ವಾದಿರಾಜರು ಎರಡು ವರ್ಷಗಳಿಗೆ ವಿಸ್ತರಿಸಿದರು. ಅಂದಿನಿಂದ ಒಂದು ಮಠದ ಸರದಿ ಮರಳಿ ಬರಲು 16 ವರ್ಷಗಳು ಬೇಕು. ಮುಂದಿನ ಪರ್ಯಾಯದ ಅನ್ನದಾನಕ್ಕಾಗಿ ಸಂಗ್ರಹಿಸಿದ ಕಟ್ಟಿಗೆಯನ್ನು ರಥದ ಆಕಾರದಲ್ಲಿ ಒಪ್ಪವಾಗಿ ಒಟ್ಟುವ ಪದ್ಧತಿ ಇಲ್ಲಿದೆ. ಏನೂ ತಿಳಿಯದವನು ಅದನ್ನು ಸೌದೆಯ ರಾಶಿಯೆಂದು ದಾಟಿ ಹೋಗುತ್ತಾನೆ. ತಿಳಿದವನು ಅದರ ಮುಂದೆ ನಿಂತು, ಸಹಸ್ರಾರು ಜನರ ಊಟದ ಹಿಂದಿರುವ ವ್ಯವಸ್ಥೆಯನ್ನು ಕಂಡು ಬೆರಗಾಗುತ್ತಾನೆ. ನೋಡಿದ ವಸ್ತು ಒಂದೇ. ಕಂಡದ್ದು ಬೇರೆ ಬೇರೆ.

ಎರಡನೆಯ ಸಾಧನವೆಂದರೆ ಆಯ್ಕೆ. ಆಯ್ಕೆಯೆಂದರೆ ಸ್ಥಳವನ್ನು ಆರಿಸುವುದಷ್ಟೇ ಅಲ್ಲ, ಆ ಸ್ಥಳಕ್ಕೆ ತಕ್ಕ ಹೊತ್ತನ್ನು ಆರಿಸುವುದೂ ಹೌದು. ಮೊದಲ ದಿನ ಬೆಳಗಿನಲ್ಲಿ ಉಡುಪಿಯನ್ನು ನೋಡಿ, ಮಧ್ಯಾಹ್ನಾನಂತರ ಮಣಿಪಾಲಕ್ಕೆ ಹೋಗಬಹುದು. ‘ಮಣ್ಣಪಳ್ಳ’ವೆಂಬ ಕೆರೆಯಿಂದ ಹೆಸರು ಪಡೆದ ಈ ಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಅದಕ್ಕೂ ಮುನ್ನ, 1925ರಲ್ಲಿ ಅವರೂ ಅವರ ಸಹಕಾರಿಗಳೂ ಉಡುಪಿಯಲ್ಲಿ ಆರಂಭಿಸಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವರ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತಹ ಸಣ್ಣ ಮೊತ್ತವನ್ನೂ ಸಂಗ್ರಹಿಸಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ, ಹನಿಗೂಡಿ ಹಳ್ಳವಾಗುವುದೆಂಬ ಮಾತಿಗೆ ಈ ಊರೇ ಸಾಕ್ಷಿಯಾಗಿ ನಿಂತಿದೆ.

ಅದೇ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವಿದೆ. ಬೇಡವೆಂದು ಕೆಡವಲಿದ್ದ ಹಳೆಯ ಮನೆಗಳನ್ನು ತೊಲೆ, ಕಂಬ, ಬಾಗಿಲುಗಳೊಂದಿಗೆ ಬಿಚ್ಚಿ ತಂದು ಅವರು ಇಲ್ಲಿ ಮರಳಿ ನಿಲ್ಲಿಸಿದರು. ಕುಂಜೂರಿನ ಚೌಕಿಮನೆಯ ಅಂಗಳದಲ್ಲಿ ನಿಂತವನಿಗೆ ಕರಾವಳಿಯ ಕೂಡುಕುಟುಂಬವು ಮಳೆಗಾಲವನ್ನು ಹೇಗೆ ಕಳೆಯುತ್ತಿತ್ತೆಂಬುದು ವಿವರಣೆಯಿಲ್ಲದೆ ಹೊಳೆಯುತ್ತದೆ. ಇದು ಓಡುತ್ತ ನೋಡುವ ಸ್ಥಳವಲ್ಲ. ಇಲ್ಲಿ ಎರಡು ಗಂಟೆ ಕಳೆಯಲು ಬಿಡುವಿಲ್ಲದವನು ಬರದಿರುವುದೇ ಮೇಲು.

ಎರಡನೆಯ ದಿನ ಹಿರಿಯಡಕದ ದಾರಿಯಾಗಿ ಕಾರ್ಕಳವನ್ನು ಬೆಳಗಿನ ಹೊತ್ತಿಗೇ ಸೇರಬೇಕು. ಕಾರಣ ಸರಳವಾದುದು. ಗೊಮ್ಮಟನ ಬೆಟ್ಟ ಬರಿಯ ಬಂಡೆ. ಮೇಲೆ ಬರಿಗಾಲಿನಲ್ಲಿ ನಡೆಯಬೇಕು. ಬಿಸಿಲೇರಿದ ಮೇಲೆ ಬಂದವನ ಗಮನವೆಲ್ಲ ಅಂಗಾಲಿನ ಮೇಲಿರುತ್ತದೆಯೇ ಹೊರತು ಬಾಹುಬಲಿಯ ಮುಖದ ಮೇಲಲ್ಲ. ಸುಮಾರು 42 ಅಡಿ ಎತ್ತರದ ಈ ಏಕಶಿಲಾ ಮೂರ್ತಿಯನ್ನು ವೀರಪಾಂಡ್ಯ ಭೈರರಸನು 1432ರಲ್ಲಿ ಪ್ರತಿಷ್ಠಾಪಿಸಿದನು. ಎದುರಿನ ಕಿರುಗುಡ್ಡದ ಮೇಲೆ ಅದೇ ವಂಶದ ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕುಗಳಿಗೂ ಒಂದೇ ಬಗೆಯ ಬಾಗಿಲು. ಯಾವ ಬಾಗಿಲಿನಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. ಬಸದಿಯ ಜಗಲಿಯಲ್ಲಿ ಕುಳಿತು ಗೊಮ್ಮಟನ ಬೆಟ್ಟವನ್ನು ನೋಡುವಾಗ ಎರಡು ಗುಡ್ಡಗಳ ನಡುವಿನ ಅಂತರ ಒಂದೂವರೆ ಶತಮಾನವೆಂಬುದು ಮನಸ್ಸಿಗೆ ಬರುತ್ತದೆ. ಹೀಗೆ ಕುಳಿತುಕೊಳ್ಳಲು ಪಟ್ಟಿಯಲ್ಲಿ ಜಾಗವಿರುವುದಿಲ್ಲ. ಪ್ರವಾಸದ ತಿರುಳಾದರೋ ಇಂತಹ ಗಳಿಗೆಗಳಲ್ಲಿಯೇ ಇರುತ್ತದೆ.

ಅಲ್ಲಿಂದ ಬೆಳ್ಮಣ್, ಪಡುಬಿದ್ರಿಗಳ ಮಾರ್ಗವಾಗಿ ಸಂಜೆಗೆ ಕಾಪು. ಹೆದ್ದಾರಿಯ ಆಸುಪಾಸಿನಲ್ಲಿಯೇ ಮೂರು ಮಾರಿಗುಡಿಗಳಿವೆ. ಪಡುವಣಕ್ಕೆ ತಿರುಗಿದರೆ ಕಡಲು. ದಡದ ಹೆಬ್ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವು ಸುಮಾರು 27 ಮೀಟರು ಎತ್ತರವಾಗಿದೆ. ಅದರೊಳಗಿನ ಮೆಟ್ಟಿಲುಗಳನ್ನು ಸಂಜೆ ಹತ್ತಿದವನಿಗೆ ಒಂದು ಕಡೆ ಮುಳುಗುವ ಸೂರ್ಯ, ಇನ್ನೊಂದು ಕಡೆ ತೆಂಗಿನ ತೋಟಗಳ ಹಸುರು ಒಟ್ಟಿಗೆ ಕಾಣುತ್ತವೆ. ಇದೇ ಕಾಪುವನ್ನು ನಡುಮಧ್ಯಾಹ್ನ ಕಂಡವನು ಬರಿಯ ಮರಳನ್ನು ಕಂಡು ಹಿಂತಿರುಗುತ್ತಾನೆ.

ಮೂರನೆಯ ಸಾಧನವು ಇವೆರಡಕ್ಕಿಂತ ಮುಖ್ಯವಾದುದು. ಅದು ಜನರ ಬಗೆಗಿನ ಆಸಕ್ತಿ. ಕಲ್ಲನ್ನು ನೋಡಿದವನು ಕಲ್ಲನ್ನು ಕೆತ್ತಿದ ಕೈಯನ್ನೂ ಅರಸಬೇಕು. ಕಾರ್ಕಳದಲ್ಲಿ ಶಿಲ್ಪಕಲೆ 1432ರೊಂದಿಗೆ ಮುಗಿದುಹೋಗಲಿಲ್ಲ. ಧರ್ಮಸ್ಥಳದಲ್ಲಿ ಇಂದು ನಿಂತಿರುವ 39 ಅಡಿಯ ಬಾಹುಬಲಿಯನ್ನು ಕಡೆದವರು ಕಾರ್ಕಳದವರೇ ಆದ ರೆಂಜಾಳ ಗೋಪಾಲಕೃಷ್ಣ ಶೆಣೈಯವರು. ಕಾರ್ಕಳದಲ್ಲಿ ರೂಪುಗೊಂಡ ಆ ಮೂರ್ತಿಯನ್ನು 1973ರಲ್ಲಿ ಸಾಗಿಸಿ, 1982ರಲ್ಲಿ ಪ್ರತಿಷ್ಠಾಪಿಸಲಾಯಿತು. ವೀರಪಾಂಡ್ಯನ ಕಾಲದಿಂದ ಅಲ್ಲಿಗೆ ಸರಿಯಾಗಿ 550 ವರ್ಷಗಳಾಗಿದ್ದವು. ಕಾಪುವಿನ ಸಮೀಪದ ಶಂಕರಪುರದಲ್ಲಿ ಮನೆಯಂಗಳದ ಮಲ್ಲಿಗೆಯೇ ಅನೇಕ ಸಂಸಾರಗಳ ಆಧಾರ. ಮಟ್ಟು ಗ್ರಾಮದ ಗುಳ್ಳ ಬದನೆಯ ಬೀಜವನ್ನು ವಾದಿರಾಜರು ಕರುಣಿಸಿದರೆಂದು ಅಲ್ಲಿಯ ಜನ ನಂಬುತ್ತಾರೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಒಂದೇ ಬಸ್ಸಿನಲ್ಲಿ ಕಿವಿಗೆ ಬೀಳುತ್ತವೆ. ಇವು ಯಾವ ಪಟ್ಟಿಯಲ್ಲಿಯೂ ಇಲ್ಲ. ಆದರೆ ಇವನ್ನು ಬಿಟ್ಟರೆ ಈ ನಾಡೇ ಇಲ್ಲ.

ಈ ಬಗೆಯ ನೋಟಕ್ಕೆ ಹಳೆಯದೊಂದು ನಿದರ್ಶನವಿದೆ. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಕರ್ನಾಟಕದ ಕರಾವಳಿಯಿಂದ ಘಟ್ಟವನ್ನೇರಿ ಇಕ್ಕೇರಿಗೆ ಹೋದನು. ದಾರಿಯಲ್ಲಿ ಒಂದು ದೇವಾಲಯದ ಜಗಲಿಯ ಮೇಲೆ ಕೆಲವು ಬಾಲಕರು ಮರಳನ್ನು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಗಣಿತಪಾಠವನ್ನು ಒಪ್ಪಿಸುತ್ತಿದ್ದರು. ಅವನು ನಿಂತು ನೋಡಿದನು, ಅವರೊಡನೆ ಮಾತನಾಡಿದನು, ಕಂಡುದನ್ನು ಬರೆದಿಟ್ಟನು. ಅವನು ಅಲ್ಲಿದ್ದುದು ಅಲ್ಪಕಾಲ. ಆದರೆ ನಾಲ್ಕು ಶತಮಾನಗಳ ಹಿಂದಿನ ಕನ್ನಡ ನಾಡಿನ ಮಕ್ಕಳು ಅಕ್ಕರ ಲೆಕ್ಕಗಳನ್ನು ಕಲಿಯುತ್ತಿದ್ದ ಬಗೆಯನ್ನು ಇಂದಿನವರು ಅವನ ಬರಹದಿಂದ ತಿಳಿಯುತ್ತಾರೆ. ಅವನು ಅರಮನೆಯನ್ನು ಸೇರುವ ಅವಸರದಲ್ಲಿ ಮುಂದೆ ಸಾಗಿದ್ದರೆ ಆ ಮಕ್ಕಳ ಸುದ್ದಿ ಯಾರಿಗೂ ತಿಳಿಯುತ್ತಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪಣೆಯುಂಟು. ಬಯಲುಸೀಮೆಯ ಬಡ ವಿದ್ಯಾರ್ಥಿಯೊಬ್ಬನು ಕಡಲನ್ನು ಕಾಣುವುದು ಜೀವನದಲ್ಲಿ ಒಮ್ಮೆಯೇ ಇರಬಹುದು. ತಾಯಿತಂದೆಗಳು ಕಷ್ಟದಿಂದ ಹೊಂದಿಸಿದ ಹಣದಲ್ಲಿ ಅವನು ಸಾಧ್ಯವಾದಷ್ಟು ಹೆಚ್ಚು ಸ್ಥಳಗಳನ್ನು ನೋಡುವುದು ನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತು ತಳ್ಳಿಹಾಕುವಂತಹುದಲ್ಲ. ಉಳ್ಳವನು ಮತ್ತೊಮ್ಮೆ ಬಂದಾನು; ಇಲ್ಲದವನಿಗೆ ಆ ಭರವಸೆಯಿಲ್ಲ. ಆದರೆ ಈ ವಾದವೇ ಅವಸರಕ್ಕೆ ವಿರುದ್ಧವಾಗಿ ನಿಲ್ಲುತ್ತದೆ. ಒಮ್ಮೆ ಮಾತ್ರ ಕಡಲನ್ನು ಕಾಣಬಲ್ಲ ಹುಡುಗನಿಗೆ ಹತ್ತು ನಿಮಿಷದ ಕಡಲನ್ನು ತೋರಿಸುವುದು ಎಂತಹ ನ್ಯಾಯ? ಅವನು ಅಲೆಗಳಲ್ಲಿ ಕಾಲಿಡಬೇಕು, ದೋಣಿಯೆಳೆಯುವವರನ್ನು ನೋಡಬೇಕು, ಸೂರ್ಯ ಮುಳುಗುವವರೆಗೂ ಅಲ್ಲಿರಬೇಕು. ಜೀವಮಾನವೆಲ್ಲ ಉಳಿಯಬೇಕಾದ ನೆನಪಿಗೆ ಒಂದು ಸಂಜೆಯನ್ನಾದರೂ ಕೊಡಬೇಡವೇ?

ಅವಸರದಿಂದ ಕೆಡುವುದು ಪ್ರವಾಸಿಯ ನೋಟ ಮಾತ್ರವಲ್ಲ, ಊರೂ ಕೆಡುತ್ತದೆ. ತಾನು ಎಲ್ಲಿಗೆ ಬಂದಿರುವೆನೆಂಬುದನ್ನು ತಿಳಿಯದವನೇ ಬಸದಿಯ ಮೌನದಲ್ಲಿ ಕೂಗಾಡುತ್ತಾನೆ, ಬಂಡೆಯ ಮೇಲೆ ಹೆಸರನ್ನು ಕೊರೆಯುತ್ತಾನೆ, ಕಡಲ ದಂಡೆಯಲ್ಲಿ ಕಸವನ್ನೆಸೆದು ಹೋಗುತ್ತಾನೆ. ಇಟಲಿಯ ವೆನಿಸ್ ನಗರವು ಜನಸಂದಣಿಯನ್ನು ತಾಳಲಾರದೆ, ಇರುಳು ತಂಗದೆ ಹಿಂತಿರುಗುವ ಪ್ರವಾಸಿಗಳ ಮೇಲೆ 2024ರಿಂದ ಕೆಲವು ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕವನ್ನು ವಿಧಿಸತೊಡಗಿತು. ಅತಿಥಿಗಳು ಹೊರೆಯೆನಿಸುವ ಸ್ಥಿತಿ ಯಾವ ಊರಿಗೂ ಬರಬಾರದು. ಬಾರದಂತೆ ನೋಡಿಕೊಳ್ಳುವುದು ಅತಿಥಿಗಳ ಕೈಯಲ್ಲಿಯೇ ಇದೆ.

ಎರಡು ದಿನಗಳಲ್ಲಿ ಎಲ್ಲವನ್ನೂ ನೋಡಲಾಗದು. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬದಾಕಾರದ ಬಂಡೆಗಳು ಉಳಿದುಹೋಗಬಹುದು; ಕಾರ್ಕಳದ ಹಿರಿಯಂಗಡಿಯ ಮಾನಸ್ತಂಭವೂ ಅತ್ತೂರಿನ ಇಗರ್ಜಿಯೂ ಉಳಿದುಹೋಗಬಹುದು. ಅದರಿಂದ ನಷ್ಟವೇನೂ ಇಲ್ಲ. ಉಳಿದುದರ ಬಗೆಗೆ ಆಸೆ ಹುಟ್ಟುವುದೂ ಪ್ರವಾಸದ ಒಂದು ಫಲವೇ. ತಟ್ಟೆಯ ತುಂಬ ಬಡಿಸಿಕೊಂಡು ಎಲ್ಲವನ್ನೂ ಚೆಲ್ಲುವವನಿಗಿಂತ, ಬಡಿಸಿಕೊಂಡಷ್ಟನ್ನು ರುಚಿಯರಿತು ಉಂಡವನೇ ನಿಜವಾಗಿ ಉಂಡವನು. ಕಡಿಮೆಯನ್ನು ಚೆನ್ನಾಗಿ ಕಂಡವನ ಎರಡು ದಿನಗಳು, ಹೆಚ್ಚನ್ನು ಬರಿದೆ ದಾಟಿದವನ ಎರಡು ತಿಂಗಳುಗಳಿಗಿಂತ ದೀರ್ಘವಾದುವು.