ಹಕ್ಕು ಮುಗಿಯಿತು, ಕೆಲಸ ಮುಗಿದಿಲ್ಲ

2025ರ ಜನವರಿ 1ರಂದು ಸದ್ದಿಲ್ಲದೆ ಒಂದು ಘಟನೆ ನಡೆಯಿತು. ಫ.ಗು. ಹಳಕಟ್ಟಿಯವರ ಬರಹಗಳ ಮೇಲಿನ ಕೃತಿಸ್ವಾಮ್ಯದ ಅವಧಿ ಮುಗಿದು, ಅವು ಸಾರ್ವಜನಿಕರ ಸ್ವತ್ತಾದವು. ನಮ್ಮ ಕಾನೂನಿನಲ್ಲಿ ಲೇಖಕರು ನಿಧನರಾದ ಮರುವರ್ಷದಿಂದ 60 ವರ್ಷಗಳವರೆಗೆ ಈ ಹಕ್ಕು ಇರುತ್ತದೆ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ.

ವಿಜಾಪುರದಲ್ಲಿ ವಕೀಲರಾಗಿದ್ದ ಅವರು ತಾಡವಾಲೆಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ಪ್ರಕಟಿಸಿದರು. 1997ರವರೆಗೆ ನಮ್ಮ ಲೋಕಾಪುರವೂ ವಿಜಾಪುರ ಜಿಲ್ಲೆಗೇ ಸೇರಿತ್ತು. ಆದ್ದರಿಂದ ಈ ಋಣ ನಮಗೆ ತುಸು ಹತ್ತಿರದ್ದು.

ಆದರೆ ಕಾನೂನು ಬಿಟ್ಟುಕೊಟ್ಟ ಮಾತ್ರಕ್ಕೆ ಪುಸ್ತಕ ಓದುಗನ ಕೈಸೇರುವುದಿಲ್ಲ. ಸ್ಕ್ಯಾನ್ ಮಾಡಿದ ಪುಟ ಕೇವಲ ಛಾಯಾಚಿತ್ರ. ಅದರೊಳಗೆ ಪದ ಹುಡುಕಲಾಗದು. ದೃಷ್ಟಿಹೀನರಿಗೆ ಯಂತ್ರ ಅದನ್ನು ಓದಿ ಹೇಳಲಾರದು. ಅಕ್ಷರ ಗುರುತಿಸುವ ತಂತ್ರಾಂಶವಿದೆ ನಿಜ. ಆದರೆ ಮಾಸಿದ ಹಳೆಯ ಮುದ್ರಣದಲ್ಲಿ ಅದು ‘ಪ’ವನ್ನು ‘ಷ’ ಎನ್ನುತ್ತದೆ, ಒತ್ತಕ್ಷರಗಳನ್ನು ನುಂಗುತ್ತದೆ, ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿಯನ್ನು ಕೂರಿಸುತ್ತದೆ. ಕಣ್ಣಿಗೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಆ ಪದವೇ ಇಲ್ಲ!

ಇದನ್ನು ತಿದ್ದಲು ಮನುಷ್ಯರೇ ಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿ ಒಂದು ಬದಿಗೆ ಮೂಲ ಪುಟದ ಚಿತ್ರ, ಇನ್ನೊಂದು ಬದಿಗೆ ಪಠ್ಯ ಇರುತ್ತದೆ. ಒಬ್ಬರು ತಿದ್ದಿದರೆ ಪುಟಕ್ಕೆ ಹಳದಿ ಗುರುತು, ಎರಡನೆಯವರು ಪರಿಶೀಲಿಸಿದರೆ ಹಸಿರು. ಸರಕಾರಿ ಕಚೇರಿಯಲ್ಲಿ ಬದುಕು ಕಳೆದ ನನಗೆ ಈ ಪದ್ಧತಿ ಹೊಸದೆನಿಸಲಿಲ್ಲ. ನಕಲಿನ ಕೆಳಗೆ ರುಜು ಬೀಳುವ ಮುನ್ನ ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡುವುದು ಅಲ್ಲಿಯೂ ನಿಯಮ. ಮೂಲದಲ್ಲಿ ಇದ್ದಂತೆಯೇ ಇರಬೇಕು. ಲೇಖಕರ ಹಳೆಯ ಕಾಗುಣಿತವನ್ನು ‘ಸುಧಾರಿಸುವ’ ಅಧಿಕಾರ ನಮಗಿಲ್ಲ. ಈಗ ದಿನಕ್ಕೆ ಎರಡು ಪುಟ ನನ್ನ ಪಾಲು.

ವೇತನವಿಲ್ಲದ ಈ ದುಡಿಮೆ ಕರಡು ತಿದ್ದುವವರ ಅನ್ನ ಕಸಿಯುವುದಿಲ್ಲವೇ ಎಂದು ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಲಾಭಕ್ಕಾಗಿ ಅಚ್ಚಾಗುವ ಪುಸ್ತಕಕ್ಕೆ ಯಾರೂ ಪುಕ್ಕಟೆ ದುಡಿಯಬೇಕಾಗಿಲ್ಲ. ಆದರೆ ಇಲ್ಲಿ ಪ್ರಶ್ನೆ ಬೇರೆ. ತಿದ್ದುವ ಶ್ರಮ ಒಮ್ಮೆ ಮಾತ್ರ. ಆಮೇಲೆ ಒಬ್ಬರು ಓದಿದರೂ ಲಕ್ಷ ಜನ ಓದಿದರೂ ಹೆಚ್ಚಿನ ವೆಚ್ಚವಿಲ್ಲ, ಒಬ್ಬರ ಓದಿನಿಂದ ಇನ್ನೊಬ್ಬರ ಪಾಲು ಕಡಿಮೆಯಾಗದು. ಅರ್ಥಶಾಸ್ತ್ರದಲ್ಲಿ ಇದು ಸಾರ್ವಜನಿಕ ಸರಕು. ಮಾರುಕಟ್ಟೆ ಇದನ್ನು ಬೇಕಾದಷ್ಟು ಒದಗಿಸುವುದಿಲ್ಲ ಎಂಬುದು ಪಠ್ಯಪುಸ್ತಕದ ಮೊದಲ ಪಾಠ.

ಹಾಗೆಂದು ಸರಕಾರ ಕೈತೊಳೆದುಕೊಳ್ಳುವಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಸಾರ್ವಜನಿಕ ಹಣದಿಂದ ಪ್ರಕಟವಾದ ಇತರ ಗ್ರಂಥಗಳಿಗೂ ಇದೇ ಮೇಲ್ಪಂಕ್ತಿಯಾಗಬೇಕು. ಸ್ಕ್ಯಾನಿಂಗ್‌ಗೆ ಹಣ ಒದಗಿಸುವಾಗ ತಿದ್ದುಪಡಿಗೂ ಸಂಭಾವನೆಯ ಬಾಬ್ತು ಇರಬೇಕು.

ಅಲ್ಲಿಯವರೆಗೆ ನಾವು ಕಾಯಬೇಕಿಲ್ಲ. ಪಿಂಚಣಿ ಪಡೆಯುವ ನಮ್ಮಂಥವರಿಗೆ ಬಿಡುವಿದೆ. ಹಳೆಯ ಕನ್ನಡ ಮುದ್ರಣವನ್ನು ತಡವರಿಸದೆ ಓದಬಲ್ಲ ಕಣ್ಣುಗಳೂ ಇವೆ. ಇವೆರಡೂ ಬಹಳ ಕಾಲ ನಮ್ಮಲ್ಲಿ ಉಳಿಯುವಂಥವಲ್ಲ.