ಉಬ್ಬಸ ನೋಡುವವರು ಸೀಸವನ್ನೂ ನೋಡಲಿ

ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನ ಆಸ್ಪತ್ರೆಯಲ್ಲಿ ದಾಖಲಿಸಿದ ಅಂಕಿಅಂಶ ಇಂದಿಗೂ ಬೆಚ್ಚಿಬೀಳಿಸುತ್ತದೆ. ಅಲ್ಲಿಗೆ ಬಂದ ಮಕ್ಕಳಲ್ಲಿ ಅಸ್ತಮಾ ಇದ್ದವರು 1979ರಲ್ಲಿ ಶೇ 9ರಷ್ಟಿದ್ದರು, 1999ರಲ್ಲಿ ಶೇ 29.5ರಷ್ಟಾದರು. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ. ಆದರೆ ಅವರ ಶಾಲಾ ಸಮೀಕ್ಷೆ ಇನ್ನೂ ಮುಖ್ಯವಾದ ಸಂಗತಿಯನ್ನು ಹೇಳಿತು. ವಾಹನ ಸಂಚಾರ ಕಡಿಮೆಯಿದ್ದ ಕಡೆಯ ಶಾಲೆಗಳಲ್ಲಿ ಅಸ್ತಮಾ ಸುಮಾರು ಶೇ 11, ದಟ್ಟಣೆಯಿದ್ದ ಕಡೆ ಶೇ 19, ದಟ್ಟಣೆಯ ಜೊತೆಗೆ ಬಡತನವೂ ಇದ್ದ ಕಡೆ ಶೇ 31.

ಅದೇ ಊರಿನಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಷನ್ ಮಕ್ಕಳ ರಕ್ತದಲ್ಲಿನ ಸೀಸವನ್ನು ಅಳೆಯುತ್ತಿದ್ದರು. ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಪರೀಕ್ಷೆಗೊಳಗಾದ 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಅದು ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ದೇಶದಿಂದ ಹೋಯಿತು. 2017ರ ನವೆಂಬರ್‌ನಿಂದ ಮನೆ ಬಣ್ಣಗಳಿಗೂ 90 ಪಿಪಿಎಂ ಮಿತಿ ಬಂತು. ಸೀಸದ ಕಥೆ ಅಲ್ಲಿಗೆ ಮುಗಿಯಿತೆಂದು ನಾವು ಸುಮ್ಮನಾದೆವು. ಆದರೆ ಯುನಿಸೆಫ್ ಮತ್ತು ಪ್ಯೂರ್ ಅರ್ತ್ 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ರಕ್ತದಲ್ಲಿರುವ ಭಾರತದ ಮಕ್ಕಳ ಸಂಖ್ಯೆ ಸುಮಾರು 27.5 ಕೋಟಿ.

ಅಸ್ತಮಾಕ್ಕೂ ಸೀಸಕ್ಕೂ ನಂಟಿದೆಯೇ? ಎಳೆಯ ವಯಸ್ಸಿನಲ್ಲಿ ಒಳಹೊಕ್ಕ ಸೀಸ ರೋಗನಿರೋಧಕ ವ್ಯವಸ್ಥೆಯನ್ನು ಅಲರ್ಜಿಯ ಕಡೆಗೆ ವಾಲಿಸುತ್ತದೆ ಎಂಬುದಕ್ಕೆ ಪ್ರಯೋಗಾಲಯದ ಆಧಾರಗಳಿವೆ. ಅಲರ್ಜಿಗೆ ಸಂಬಂಧಿಸಿದ ಐಜಿಇ ಪ್ರತಿಕಾಯ ಹೆಚ್ಚಿದ್ದನ್ನು ಕೆಲವು ಮಕ್ಕಳ ಅಧ್ಯಯನಗಳೂ ಕಂಡಿವೆ. ಆದರೆ ಅಸ್ತಮಾದ ಮಟ್ಟಿಗೆ ಉತ್ತರ ಇನ್ನೂ ತೂಗುಯ್ಯಾಲೆಯಲ್ಲಿದೆ. ಅಮೆರಿಕದ ಮಿಷಿಗನ್ ರಾಜ್ಯದ ಆಗ್ನೇಯ ಭಾಗದಲ್ಲಿ 4,634 ಮಕ್ಕಳನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ನೇರ ನಂಟು ಸ್ಪಷ್ಟವಾಗಿ ಸಿಗಲಿಲ್ಲ. ಕಪ್ಪು ಜನಾಂಗದ ಮಕ್ಕಳಲ್ಲಿ ಸೀಸ ಕಡಿಮೆಯಿದ್ದರೂ ಹೆಚ್ಚಿದ್ದರೂ ಅಸ್ತಮಾದ ಅಪಾಯ ಬಿಳಿಯರ ಮಕ್ಕಳಿಗಿಂತ ಹೆಚ್ಚೇ ಇತ್ತು.

ಸೀಸಕ್ಕೂ ಅಸ್ತಮಾಕ್ಕೂ ಸಂಬಂಧವಿಲ್ಲ ಎಂದು ಇದನ್ನು ಓದಿಬಿಟ್ಟರೆ ತಪ್ಪಾಗುತ್ತದೆ. ಹಳೆಯ ಬಣ್ಣದ ಚಕ್ಕೆ, ದೂಳು, ಹೊಗೆ, ಇಕ್ಕಟ್ಟಿನ ಕೋಣೆ ಇವೆಲ್ಲ ಬಡವರ ಮನೆಗೆ ಒಟ್ಟಿಗೇ ಬರುತ್ತವೆ. ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಉಬ್ಬಸವಿರುವ ಮಗುವಿನ ಪೋಷಕರಿಗೆ ‘ಸೀಸವೇ ಕಾರಣ’ ಎಂದು ಯಾರೂ ಹೇಳಬಾರದು, ಅದರ ನೆಪದಲ್ಲಿ ಇನ್ಹೇಲರ್ ನಿಲ್ಲಿಸಲೂಬಾರದು. ಆದರೆ ನಂಟು ಸಾಬೀತಾಗಲಿ ಎಂದು ಕಾಯಬೇಕಾದ ಅಗತ್ಯವೂ ಇಲ್ಲ. ಸೀಸ ಬುದ್ಧಿಮತ್ತೆಯನ್ನು ಕುಂಠಿತಗೊಳಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಇಷ್ಟಿದ್ದರೆ ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸೀಸ ಸೇರಿದ ಮಕ್ಕಳನ್ನು ಗುರುತಿಸಲು ನಮ್ಮಲ್ಲಿ ದಾರಿ ಆಗಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಬಾರಿ ಬರಬೇಕು. ಅವರ ಪಟ್ಟಿಯಲ್ಲಿ ಉಬ್ಬಸವಿದೆ, ತೀವ್ರ ರಕ್ತಹೀನತೆಯಿದೆ, ಬೆಳವಣಿಗೆಯ ವಿಳಂಬವಿದೆ. ಈ ಮೂರೂ ಒಂದೇ ಮಗುವಿನಲ್ಲಿ ಕಂಡರೂ ‘ಮನೆಯ ಹತ್ತಿರ ಸೀಸವಿರುವ ಹಳೇ ಬ್ಯಾಟರಿ ಒಡೆಯುತ್ತಾರೆಯೇ?’ ಎಂದು ಕೇಳುವ ಕಲಂ ಮಾತ್ರ ಅದರಲ್ಲಿಲ್ಲ. ಕಬ್ಬಿಣಾಂಶ ಕೊರತೆಯಾದ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಏಕೆಂದರೆ ಎರಡಕ್ಕೂ ಕರುಳಿನಲ್ಲಿ ಒಂದೇ ದಾರಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂದರೆ ನಮ್ಮ ಮಕ್ಕಳ ಮೈ ಸೀಸಕ್ಕೆ ಬಾಗಿಲು ತೆರೆದೇ ಕುಳಿತಿದೆ.

ಗುಜರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಯುಪಿಎಸ್ ಬ್ಯಾಟರಿ ಒಡೆದು, ಆಸಿಡ್ ಚರಂಡಿಗೆ ಸುರಿದು, ಪ್ಲೇಟುಗಳನ್ನು ಕರಗಿಸುವ ಕೆಲಸಗಾರ ಸಂಜೆ ಅದೇ ಅಂಗಿಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುತ್ತಾನೆ. ಅಂಗಿಯ ದೂಳು ನೆಲಕ್ಕೆ ಬೀಳುತ್ತದೆ, ಅಂಬೆಗಾಲಿಡುವ ಮಗು ಕೈ ಬಾಯಿಗಿಡುತ್ತದೆ. ಸೀಸ ಹೊಟ್ಟೆ ಸೇರಿದರೆ ಮಕ್ಕಳ ದೇಹ ಅದನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಇಂಥ ಮನೆ ಇರುವುದು ಗೊತ್ತಾಗಬೇಕಾದರೆ ಯಾರಾದರೂ ಕೇಳಬೇಕು.

ಅಮೆರಿಕದಲ್ಲಿ ಬಡವರ ಆರೋಗ್ಯ ವಿಮೆ ಮೆಡಿಕೇಡ್‌ನಡಿ ಇರುವ ಮಕ್ಕಳಿಗೆ 12 ಮತ್ತು 24ನೇ ತಿಂಗಳಲ್ಲಿ ಸೀಸದ ಪರೀಕ್ಷೆ ಕಡ್ಡಾಯ. ನಾವು ಒಮ್ಮೆಲೇ ಎಲ್ಲರಿಗೂ ಮಾಡಬೇಕಿಲ್ಲ. ಗುಜರಿ ಮತ್ತು ಬ್ಯಾಟರಿ ಕೆಲಸ ನಡೆಯುವ ವಾರ್ಡುಗಳ ಅಂಗನವಾಡಿಗಳಲ್ಲಿ, ಉಬ್ಬಸವೋ ರಕ್ತಹೀನತೆಯೋ ಇರುವ ಮಕ್ಕಳಿಂದ ಶುರು ಮಾಡಿದರೆ ಸಾಕು. ಕೈ ಚೆನ್ನಾಗಿ ತೊಳೆದು ಬೆರಳಿನಿಂದ ತೆಗೆದ ಒಂದೆರಡು ಹನಿ ರಕ್ತ, ಕೈಯಲ್ಲಿ ಒಯ್ಯಬಹುದಾದ ಯಂತ್ರದಲ್ಲಿ ಕೆಲವೇ ನಿಮಿಷಗಳಲ್ಲಿ ಫಲಿತಾಂಶ. 5 ಮೈಕ್ರೋಗ್ರಾಂ ದಾಟಿದರೆ ರಕ್ತನಾಳದಿಂದ ರಕ್ತ ತೆಗೆದು ಮತ್ತೊಂದು ಪರೀಕ್ಷೆ, ಜೊತೆಗೆ ಸೀಸವಿದೆಯೇ ಎಂದು ಆ ಮನೆಯ ನೆಲ, ಪಾತ್ರೆ, ಅರಿಸಿನ, ಬಣ್ಣಗಳ ತಪಾಸಣೆ. ರಾಜ್ಯ ಸರ್ಕಾರ ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಹಣ ತೆಗೆದಿಡಬೇಕು.