ರದ್ದು ಬೇಡ, ತಿದ್ದುಪಡಿ ಕೇಳೋಣ



ನಮ್ಮ ಕ್ರಾಸಿನಲ್ಲಿ ಇನ್ನು ಒಂದೇ ಬದಿ ಪಾರ್ಕಿಂಗ್, ನಿವಾಸಿಗಳಿಗೆ ವರ್ಷಕ್ಕೊಂದು ಪರ್ಮಿಟ್, ಹೊರಗಿನವರಿಗೆ ಗಂಟೆ ಲೆಕ್ಕದಲ್ಲಿ ಶುಲ್ಕ ಎಂಬ ಪಾಲಿಕೆಯ ಪ್ರಸ್ತಾವ ಬಂದಿದ್ದೇ ತಡ, ಕ್ಷೇಮಾಭಿವೃದ್ಧಿ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಮನವಿಪತ್ರವೊಂದು ಓಡಾಡತೊಡಗಿದೆ. ಎರಡು ಪುಟದ ಆ ಪತ್ರದ ಸಾರ ಇಷ್ಟೇ: ಪ್ರಸ್ತಾವವನ್ನು ಪೂರ್ತಿ ಕೈಬಿಡಬೇಕು. ದಯವಿಟ್ಟು ಅದಕ್ಕೆ ಸಹಿ ಹಾಕುವ ಮುನ್ನ ಕೆಲವು ದಿನ ತಡೆಯಿರಿ. ಆಕ್ಷೇಪಣೆಯೇ ಬೇಡ ಎನ್ನುತ್ತಿಲ್ಲ. ಸಲ್ಲಿಸಲೇಬೇಕು, ಬರವಣಿಗೆಯಲ್ಲೇ ಸಲ್ಲಿಸಬೇಕು. ಆದರೆ ಯಾವುದಕ್ಕೆ ಆಕ್ಷೇಪ ಎಂಬುದನ್ನು ನಾವು ಮೊದಲು ತೀರ್ಮಾನಿಸಿಕೊಳ್ಳೋಣ. ನನ್ನ ಕಾರೂ ರಾತ್ರಿ ಬೀದಿಯಲ್ಲೇ ನಿಲ್ಲುವುದು. ಇದು ಜಾರಿಯಾದರೆ ದುಡ್ಡು ಕಟ್ಟುವವರ ಸಾಲಿನಲ್ಲಿ ನಾನೂ ಇದ್ದೇನೆ.

ಮೊದಲು ಅಳತೆಯ ಮಾತು. ಕಾಗದದಲ್ಲಿ ನಮ್ಮದು ಮೂವತ್ತಡಿ ರಸ್ತೆ. ಎರಡೂ ಕಡೆಯ ಚರಂಡಿ, ಅದರ ಮೇಲಿನ ಚಪ್ಪಡಿ, ಗೇಟುಗಳಿಂದ ಹೊರಕ್ಕೆ ಇಳಿಬಿಟ್ಟ ಸಿಮೆಂಟಿನ ಇಳಿಜಾರು ಇವನ್ನೆಲ್ಲ ಕಳೆದರೆ ಉಳಿಯುವ ಡಾಂಬರು ಸುಮಾರು ಇಪ್ಪತ್ತಡಿ, ಅಂದರೆ ಆರು ಮೀಟರು. ಈಗಿನ ಕಾರುಗಳ ಅಗಲ, ಕನ್ನಡಿ ಬಿಟ್ಟು, 1.7ರಿಂದ 1.8 ಮೀಟರು. ಎರಡೂ ಬದಿಗೆ ಒಂದೊಂದು ನಿಂತರೆ ನಡುವೆ ಸಿಗುವುದು ಎರಡೂವರೆ ಮೀಟರಿನ ಆಸುಪಾಸು. ಅಗ್ನಿಶಾಮಕ ದಳದ ದೊಡ್ಡ ಗಾಡಿಯ ಅಗಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕನ್ನಡಿ ಬೇರೆ. ಕಸದ ಆಟೊ ಹೇಗೋ ನುಸುಳುತ್ತದೆ. ಒಳಚರಂಡಿ ಕಟ್ಟಿಕೊಂಡಾಗ ಬರುವ ಜೆಟ್ಟಿಂಗ್ ಯಂತ್ರ ನಮ್ಮ ಕ್ರಾಸಿನ ತುದಿಯಲ್ಲೇ ನಿಂತು, ಪೈಪನ್ನು ಅಲ್ಲಿಂದ ಎಳೆದು ತರುವುದನ್ನು ಎಲ್ಲರೂ ಕಂಡಿದ್ದೇವೆ. ಒಂದೇ ಬದಿಯಲ್ಲಿ ಕಾರು ನಿಂತರೆ ನಾಲ್ಕು ಮೀಟರಿಗಿಂತ ಹೆಚ್ಚು ತೆರಪು ಸಿಗುತ್ತದೆ. ಪ್ರಸ್ತಾವದ ಬೆನ್ನೆಲುಬು ಇದೇ ಲೆಕ್ಕ. ಮನವಿಪತ್ರದಲ್ಲಿ ಇದಕ್ಕೊಂದು ಸಾಲಿನ ಉತ್ತರವೂ ಇಲ್ಲ.

ಇನ್ನೊಂದು, ಯಾರೂ ಎತ್ತದ ವಿಷಯ ಗುಡಿಸುವುದು. ಬೆಳಿಗ್ಗೆ ಬರುವ ಪೌರಕಾರ್ಮಿಕರು ರಸ್ತೆಯ ನಡುಭಾಗವನ್ನಷ್ಟೇ ಗುಡಿಸಬಲ್ಲರು. ಕಾರುಗಳ ಅಡಿಯ ಎಲೆ, ಮಣ್ಣು, ಪ್ಲಾಸ್ಟಿಕ್ಕು ಅಲ್ಲೇ ಉಳಿದು, ಮೊದಲ ಜೋರು ಮಳೆಗೆ ಚರಂಡಿಯ ಬಾಯಿಗೆ ಹೋಗಿ ಕೂರುತ್ತದೆ. ಆಮೇಲೆ ನೀರು ನಮ್ಮ ಗೇಟಿನೊಳಕ್ಕೇ ಬರುತ್ತದೆ. ನ್ಯೂಯಾರ್ಕಿನಲ್ಲಿ ದಿನ ಬಿಟ್ಟು ದಿನ ಬದಿ ಬದಲಿಸಿ ಗಾಡಿ ನಿಲ್ಲಿಸುವ ನಿಯಮವನ್ನು 1950ರಲ್ಲಿ ತಂದದ್ದು ಗುಡಿಸುವ ಯಂತ್ರಕ್ಕೆ ದಾರಿಯಾಗಲಿ ಎಂದೇ. ನಮ್ಮೂರಿನ ಹಲವು ರಸ್ತೆಗಳಲ್ಲಿ ಸಮ ದಿನಾಂಕ, ಬೆಸ ದಿನಾಂಕ ಎಂಬ ಫಲಕಗಳಿವೆಯಲ್ಲ, ಅವಕ್ಕೂ ಹೀಗೊಂದು ಉಪಯೋಗ ಇರಬಹುದಿತ್ತು. ಪೌರಕಾರ್ಮಿಕರಿಗೆ ಯಾರಾದರೂ ಹೇಳಿದ್ದರೆ.

ಈಗ ಮನವಿಪತ್ರದ ಮುಖ್ಯ ವಾದಕ್ಕೆ ಬರುತ್ತೇನೆ: ‘ನಾವು ತೆರಿಗೆ ಕಟ್ಟಿದ್ದೇವೆ, ಮತ್ತೆ ಪಾರ್ಕಿಂಗಿಗೂ ಯಾಕೆ ಕಟ್ಟಬೇಕು?’ ಕೇಳಲು ನ್ಯಾಯವೇ ಅನ್ನಿಸುತ್ತದೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಬೆಲೆಗೆ ತಕ್ಕಂತೆ ಶೇ 13ರಿಂದ ಶೇ 18ರವರೆಗೆ ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್ಸು. ಇದು ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಅದು ಹೋಗುವುದು ರಾಜ್ಯದ ಖಜಾನೆಗೆ, ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದಕ್ಕೆ. ಆಸ್ತಿ ತೆರಿಗೆ ಹೋಗುವುದು ಪಾಲಿಕೆಗೆ. ಅದನ್ನು ಕಾರಿಲ್ಲದ ಮನೆಯವರೂ ಕಟ್ಟುತ್ತಾರೆ. ಮೂಲೆಮನೆಯ ಅಜ್ಜಿ ಜೀವಮಾನದಲ್ಲಿ ಒಂದು ಸೈಕಲ್ಲನ್ನೂ ಕೊಂಡವರಲ್ಲ. ಅವರ ಮನೆ ಮುಂದಿನ ಜಾಗದಲ್ಲಿ ಇವತ್ತು ಮೂರು ಮನೆಯವರ ಕಾರುಗಳಿವೆ.

ಒಂದು ಕಾರು ನಿಲ್ಲಲು ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದ ಬೇಕು. ಅಂದರೆ ಸುಮಾರು 135 ಚದರಡಿ. ಚದರಡಿಗೆ ಹತ್ತು ಸಾವಿರ ಎಂದು ಇಟ್ಟುಕೊಂಡರೆ (ನಮ್ಮ ಕಡೆ ಆ ದರಕ್ಕೆ ಸೈಟು ಕೊಡುತ್ತೇನೆಂದು ಯಾರಾದರೂ ಅಂದರೆ ನನಗೆ ತಿಳಿಸಿ) ಅದು ಹದಿಮೂರು ಲಕ್ಷ ರೂಪಾಯಿ ದಾಟುವ ನೆಲ. ನಗರ ಭೂಸಾರಿಗೆ ನಿರ್ದೇಶನಾಲಯ ರೂಪಿಸಿ, 2021ರಲ್ಲಿ ಸರ್ಕಾರದ ಒಪ್ಪಿಗೆ ಪಡೆದ ಬೆಂಗಳೂರಿನ ಪಾರ್ಕಿಂಗ್ ನೀತಿ 2.0 ಹೇಳಿದ್ದು ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ಗಾಡಿಗೆ 5,000 ರೂಪಾಯಿ. ದಿನಕ್ಕೆ ಮೂರು ರೂಪಾಯಿಯಿಂದ ಹದಿನಾಲ್ಕು ರೂಪಾಯಿ. ದರ್ಶಿನಿಯಲ್ಲಿ ಈಗ ಆ ದುಡ್ಡಿಗೆ ಒಂದು ಕಾಫಿ ಬರುವುದೂ ಅನುಮಾನ. ಹಾಗಾಗಿ ‘ಇದು ಹಗಲುದರೋಡೆ’ ಎಂಬ ಸಾಲನ್ನು ಪತ್ರದಿಂದ ತೆಗೆಯಿರಿ. ಓದಿದ ಅಧಿಕಾರಿ ನಕ್ಕು ಪಕ್ಕಕ್ಕಿಡುತ್ತಾರೆ.

ನಮ್ಮ ಗೇಟುಗಳ ಮೇಲಿನ ಬೋರ್ಡುಗಳನ್ನು ಒಮ್ಮೆ ನೀವೇ ಓದಿಕೊಂಡು ಬನ್ನಿ. ‘ನೋ ಪಾರ್ಕಿಂಗ್’, ‘ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು’, ‘ಟೈರ್ ಪಂಚರ್ ಗ್ಯಾರಂಟಿ’. ಪೇಂಟಿನ ಡಬ್ಬಕ್ಕೆ ಕಾಂಕ್ರೀಟು ತುಂಬಿ ಕಬ್ಬಿಣದ ಪೈಪು ನೆಟ್ಟವು, ಮುರಿದ ಕುರ್ಚಿ, ಸಾಲಾಗಿ ಜೋಡಿಸಿದ ಹೂಕುಂಡ. ಗೇಟಿಗೆ ಅಡ್ಡವಾಗಿ ಇನ್ನೊಬ್ಬರು ಗಾಡಿ ನಿಲ್ಲಿಸಬಾರದೆಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ, ಫುಟ್‌ಪಾತ್ ಮೇಲೂ ಕೂಡದು ಎನ್ನುತ್ತವೆ. ಕಾಂಪೌಂಡು ಎಷ್ಟುದ್ದ ಇದೆಯೋ ಅಷ್ಟುದ್ದದ ರಸ್ತೆ ಮನೆಯವರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಇಷ್ಟು ವರ್ಷ ಪಾರ್ಕಿಂಗ್ ನಿರ್ಬಂಧವನ್ನು ನಾವೇ ಡಬ್ಬ, ಕಲ್ಲು ಇಟ್ಟು ಜಾರಿ ಮಾಡಿಕೊಂಡು ಬಂದು, ಈಗ ಪಾಲಿಕೆ ಬಿಳಿ ಬಣ್ಣದಲ್ಲಿ ಗೆರೆ ಎಳೆಯುತ್ತೇನೆಂದರೆ ಸ್ವಾತಂತ್ರ್ಯಹರಣ ಎನ್ನುವುದು ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ, ನಮ್ಮ ಅಳಲಿನಲ್ಲಿ ನಿಜವಿರುವ ಕಡೆಯನ್ನೂ ಹೇಳಬೇಕು. ಅದೂ ಕಡಿಮೆಯೇನಲ್ಲ.

ನಮ್ಮ ಬಡಾವಣೆಯ ಹಳೆಯ ಮನೆಗಳನ್ನು ಕಟ್ಟಿದ ಕಾಲಕ್ಕೆ ಚೇತಕ್ ಸ್ಕೂಟರಿಗೇ ವರ್ಷಗಟ್ಟಲೆ ಕಾಯಬೇಕಿತ್ತು. ಮಾರುತಿ 800 ಬಂದದ್ದೇ 1983ರ ಡಿಸೆಂಬರಿನಲ್ಲಿ. ಥರ್ಟಿ ಫಾರ್ಟಿ ಸೈಟಿನಲ್ಲಿ ಮುಂದೆ ತುಳಸಿಕಟ್ಟೆ, ಹಿಂದೆ ತೆಂಗಿನಮರ, ಬಟ್ಟೆ ಒಗೆಯುವ ಕಲ್ಲು ಇಟ್ಟು ಮನೆ ಕಟ್ಟಿದವರಿಗೆ ಗ್ಯಾರೇಜು ಯಾಕೆ ಇಲ್ಲವೆಂದು ಕೇಳುವುದು ಅನ್ಯಾಯ. ಅಂಥ ಮನೆಗಳಿಗೆ ಪರ್ಮಿಟ್ ಮೊದಲು ಸಿಗಬೇಕು, ಕಡಿಮೆ ಶುಲ್ಕದಲ್ಲಿ ಸಿಗಬೇಕು. ಆದರೆ ಅದೇ ಅಳತೆಯ ಸೈಟಿನಲ್ಲಿ ಈಚೆಗೆ ನಾಲ್ಕಂತಸ್ತು ಎಬ್ಬಿಸಿ, ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ನೆಲಮಹಡಿಯಲ್ಲಿ ಪ್ರಾವಿಷನ್ ಸ್ಟೋರೋ ಪಿ.ಜಿ.ಯ ಊಟದ ಕೋಣೆಯೋ ಮಾಡಿಕೊಂಡವರಿಗೆ ಇದೇ ರಿಯಾಯಿತಿ ಕೇಳುವುದು ನನ್ನಿಂದಾಗದು. ಅವರು ತಮ್ಮ ಪಾರ್ಕಿಂಗನ್ನು ಬಾಡಿಗೆಗೆ ಕೊಟ್ಟಾಗಿದೆ, ಈಗ ನಮ್ಮೆಲ್ಲರ ರಸ್ತೆಯನ್ನು ಪುಕ್ಕಟೆ ಕೇಳುತ್ತಿದ್ದಾರೆ. ಮನವಿಪತ್ರದ ಮೊದಲ ಹತ್ತು ಸಹಿಗಳಲ್ಲಿ ಇಂಥವರೆಷ್ಟು ಎಂದು ನಾನು ಇಲ್ಲಿ ಬರೆಯುವುದಿಲ್ಲ, ಪಕ್ಕದ ಮನೆಯಲ್ಲೇ ಬಾಳಬೇಕಲ್ಲ. ಜಪಾನಿನಲ್ಲಿ 1962ರಿಂದಲೇ ಕಾನೂನಿದೆ: ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಕಾರು ನಿಲ್ಲಿಸಲು ಜಾಗ ತೋರಿಸಿದರೆ ಮಾತ್ರ ನೋಂದಣಿ. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ ಮೇಲೂ ನಾವು ಆ ಪ್ರಶ್ನೆಯನ್ನು ಶೋರೂಮಿನ ಬಾಗಿಲಲ್ಲಿ ಕೇಳುತ್ತಿಲ್ಲ, ಎದುರುಮನೆಯವರ ಗೇಟಿನ ಮುಂದೆ ಕೇಳುತ್ತಿದ್ದೇವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯಾಗಿರುವುದು ಬಾಡಿಗೆದಾರರದು. ಬೆಂಗಳೂರಿನ ಪಾರ್ಕಿಂಗ್ ನೀತಿಯ ಪ್ರಕಾರ ಒಂದು ಮನೆಗೆ ಒಂದೇ ಪರ್ಮಿಟ್. ಮನೆ ಎಂದರೆ ಕಟ್ಟಡವೋ, ಅದರೊಳಗಿನ ಒಂದೊಂದು ಸಂಸಾರವೋ? ಐದು ಸಂಸಾರವಿರುವ ಕಟ್ಟಡದಲ್ಲಿ ಖಾತೆ ಪತ್ರ ಇರುವುದು ಮಾಲೀಕರ ಕೈಯಲ್ಲಿ. ಅರ್ಜಿಗೆ ಖಾತೆಯನ್ನೇ ಆಧಾರ ಮಾಡಿದರೆ, ಕೊನೆಯ ಮನೆಯ ಮೂರನೇ ಮಹಡಿಯಲ್ಲಿರುವ ಕ್ಯಾಬ್ ಚಾಲಕ ಏನು ಮಾಡಬೇಕು? ಆತನಿಗೆ ಕಾರೆಂದರೆ ಸಂಬಳ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬರುವ ಹೊತ್ತಿಗೆ ನಮ್ಮ ಕಾರುಗಳೆಲ್ಲ ಜಾಗ ಹಿಡಿದು ಮಲಗಿರುತ್ತವೆ. ಈ ಬೀದಿಯಲ್ಲಿ ಅರ್ಧಕ್ಕೂ ಹೆಚ್ಚು ಜನ ಬಾಡಿಗೆಗಿದ್ದರೂ ಮನವಿಪತ್ರದಲ್ಲಿ ‘ಬಾಡಿಗೆದಾರ’ ಎಂಬ ಮಾತೇ ಬಂದಿಲ್ಲ. ಬಾಡಿಗೆ ಕರಾರುಪತ್ರವನ್ನೂ ಆಧಾರವಾಗಿ ಒಪ್ಪಬೇಕೆಂದು ನಾವೇ ಕೇಳಬೇಕು. ಹಾಗೆಯೇ ಹಾಸಿಗೆ ಹಿಡಿದವರಿರುವ ಮನೆಗೆ ಬಂದುಹೋಗುವ ನರ್ಸು, ಫಿಸಿಯೋಥೆರಪಿಯವರಿಗೆ ಸಂದರ್ಶಕರ ಚೀಟಿ. ತಳ್ಳುಗಾಡಿಯ ತರಕಾರಿಯವರು ನಿಲ್ಲಲು ಬಿಳಿ ಗೆರೆಯೊಳಗೆ ಒಂದು ಜಾಗ. ಇವನ್ನು ಕೇಳಿದರೆ ಅದು ಆಕ್ಷೇಪಣೆ.

ಇನ್ನು ಹೊರಗಿನ ಗಾಡಿಗಳು. ಮುಖ್ಯರಸ್ತೆಯ ಅಂಗಡಿಗಳಿಗೆ ಬಂದವರು, ಮೆಟ್ರೊ ಹತ್ತುವವರು, ಲಗ್ನದ ದಿನ ಛತ್ರಕ್ಕೆ ಬಂದವರು ನಮ್ಮ ಕ್ರಾಸಿಗೆ ನುಗ್ಗುವುದು ಅವರವರ ಜಾಗದಲ್ಲಿ ನಿಲ್ಲಿಸಲು ವ್ಯವಸ್ಥೆ ಇಲ್ಲದ್ದಕ್ಕೆ. ನಮ್ಮ ಒಂದು ಕ್ರಾಸಿಗೆ ಮಾತ್ರ ಕಟ್ಟುಪಾಡು ತಂದರೆ ಆ ಗಾಡಿಗಳೆಲ್ಲ ಪಕ್ಕದ ಕ್ರಾಸಿಗೆ ಹೋಗುತ್ತವೆ. ಅಲ್ಲಿಯವರು ಇನ್ನೊಂದು ಮನವಿಪತ್ರ ಬರೆಯುತ್ತಾರೆ. ನೀತಿಯಲ್ಲೇ ಪ್ರದೇಶವಾರು ಪಾರ್ಕಿಂಗ್ ಯೋಜನೆ ಎಂಬ ಮಾತಿದೆ. ಬಿಡಿ ಬಿಡಿ ರಸ್ತೆ ಬೇಡ, ಇಡೀ ಬಡಾವಣೆಗೆ ಒಟ್ಟಿಗೆ ಮಾಡಿ ಎಂಬುದು ನಮ್ಮ ಅತ್ಯಂತ ಗಟ್ಟಿಯಾದ ಆಕ್ಷೇಪ. ಅದು ಈಗಿನ ಪತ್ರದಲ್ಲಿ ಕೊನೆಯ ಪುಟದ ಕೊನೆಯಲ್ಲಿ ಬಿದ್ದಿದೆ. ಅದನ್ನು ಮೊದಲಿಗೆ ತರೋಣ.

ಎರಡನೆಯದು ದುಡ್ಡಿನ ದಾರಿ. ಅಮೆರಿಕದ ಪ್ಯಾಸಡೀನಾ ಪಟ್ಟಣದ ಹಳೆಯ ಪೇಟೆಯಲ್ಲಿ ಪಾರ್ಕಿಂಗ್ ಮೀಟರು ಹಾಕಲು ಹೊರಟಾಗ ವ್ಯಾಪಾರಿಗಳು ಗಿರಾಕಿಗಳೆಲ್ಲ ಓಡಿಹೋಗುತ್ತಾರೆಂದು ಎದುರುಬಿದ್ದರು. ಆ ಹಣವನ್ನು ಅದೇ ಬೀದಿಗಳಿಗೆ ಖರ್ಚು ಮಾಡುತ್ತೇವೆಂದು ಆಡಳಿತ ಒಪ್ಪಿದ ಮೇಲೆ ಅವರೇ ಪಟ್ಟು ಸಡಿಲಿಸಿದರು. 1993ರಲ್ಲಿ ಮೀಟರು ಬಂತು, ಆ ಆದಾಯದಿಂದ ಕಾಲುದಾರಿ, ದೀಪ, ಮರ ಸುಧಾರಿಸಿದವು. ಪಾರ್ಕಿಂಗ್ ಅರ್ಥಶಾಸ್ತ್ರವನ್ನು ಬದುಕಿಡೀ ಅಧ್ಯಯನ ಮಾಡಿದ ಡೊನಾಲ್ಡ್ ಶೂಪ್ ಮತ್ತೆ ಮತ್ತೆ ಕೊಡುತ್ತಿದ್ದ ಉದಾಹರಣೆ ಇದು. ನಮ್ಮ ಕ್ರಾಸಿನ ಪರ್ಮಿಟ್ ಹಣದಲ್ಲಿ ಒಂದು ಪಾಲಾದರೂ ನಮ್ಮದೇ ಚರಂಡಿಗೆ, ನಮ್ಮದೇ ಫುಟ್‌ಪಾತಿಗೆ ಬರಬೇಕು, ಅದರ ಲೆಕ್ಕ ವರ್ಷಕ್ಕೊಮ್ಮೆ ಕನ್ನಡದಲ್ಲಿ ಪಾರ್ಕಿನ ಗೇಟಿಗೆ ಅಂಟಬೇಕು ಎಂದು ಬರೆದು ಕೇಳೋಣ. ಕೊಡದಿದ್ದರೆ ಆಗ ಜಗಳವಾಡಲು ನನ್ನನ್ನೂ ಕರೆಯಿರಿ.

ಮೂರನೆಯದು ದಂಡ ಹಾಕುವ ಕ್ರಮ. ನಡುಬೀದಿಯಲ್ಲಿ ಸ್ಕೂಟರನ್ನು ಎತ್ತಿಕೊಂಡು ಹೋಗುತ್ತಿದ್ದ ‘ಟೈಗರ್’ ಗಾಡಿಗಳ ಹಾವಳಿ ಯಾರಿಗೆ ಮರೆತಿದೆ? ಜನ ರೊಚ್ಚಿಗೆದ್ದು 2022ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ನಿಲ್ಲಿಸಬೇಕಾಯಿತು. ಮತ್ತೆ ಅದೇ ಬಗೆಯ ಗುತ್ತಿಗೆದಾರರು, ಎತ್ತಿದ ಗಾಡಿ ಲೆಕ್ಕಕ್ಕೆ ಹಣ ಎಂಬ ಏರ್ಪಾಡು ಬರುವುದಾದರೆ ವಿರೋಧಿಸಲೇಬೇಕು. ಮೊದಲು ಎಚ್ಚರಿಕೆ, ಫೋಟೊ ಸಹಿತ ನೋಟಿಸು, ಆಮೇಲೆ ದಂಡ. ಟೈರು ಕುಸಿದು, ಕವರಿನ ಮೇಲೆ ಎಲೆ ಬಿದ್ದು, ನಾಯಿಮರಿಗಳು ಹುಟ್ಟಿ ಬೆಳೆದ ಕಾರುಗಳನ್ನು ಮಾತ್ರ ಮೊದಲ ದಿನವೇ ಎತ್ತಿದರೂ ನನ್ನ ತಕರಾರಿಲ್ಲ.

ಇದನ್ನೆಲ್ಲ ಹೇಳಿಕೊಳ್ಳಲು ನಮಗೊಬ್ಬ ಕಾರ್ಪೊರೇಟರ್ ಇರಬೇಕಿತ್ತು. ಬೆಂಗಳೂರಿನ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾದಾಗಲೂ ಆಡಳಿತ ಅಧಿಕಾರಿಗಳ ಕೈಯಲ್ಲೇ ಇತ್ತು. ಅಧಿಕಾರಿಗಳ ಮುಂದೆ ಕೂಗಾಟಕ್ಕಿಂತ ಕಾಗದಕ್ಕೆ ಬೆಲೆ ಹೆಚ್ಚು. ಆಕ್ಷೇಪಣೆ ಕೊಟ್ಟು ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ರಸ್ತೆ ಅಳೆದವರು ಯಾರು, ಎಷ್ಟು ಗಾಡಿ ಎಣಿಸಿದರು, ಯಾವ ಹೊತ್ತಿನಲ್ಲಿ ಎಣಿಸಿದರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.

ಅವರ ಎಣಿಕೆಯನ್ನು ಪ್ರಶ್ನಿಸಬೇಕಾದರೆ ನಮ್ಮ ಹತ್ತಿರವೂ ಒಂದು ಎಣಿಕೆ ಇರಬೇಕು. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಕ್ರಾಸಿನ ಮೊದಲ ಮನೆಯ ಹತ್ತಿರ ಬನ್ನಿ. ಟೇಪು ನಾನು ತರುತ್ತೇನೆ. ಡಾಂಬರಿನ ಅಗಲ ಅಳೆಯೋಣ, ಗೇಟುಗಳನ್ನು ಗುರುತು ಹಾಕೋಣ, ಮನೆಯೊಳಗೆ ಎಷ್ಟು ಕಾರು ನಿಲ್ಲಬಹುದು, ಎಷ್ಟು ನಿಂತಿವೆ ಎಂದು ಬರೆದುಕೊಳ್ಳೋಣ. ಅದೇ ದಿನ ರಾತ್ರಿ ಹನ್ನೊಂದಕ್ಕೆ ಇನ್ನೊಮ್ಮೆ, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೊಮ್ಮೆ ಎಣಿಸಿದರೆ, ರಾತ್ರಿಯವು ನಮ್ಮವೆಷ್ಟು, ಹಗಲಿನವು ಹೊರಗಿನವೆಷ್ಟು ಎಂಬುದು ತಿಳಿಯುತ್ತದೆ. ಬಾಡಿಗೆಗಿರುವವರನ್ನೂ ಕರೆತನ್ನಿ. ಹೂಕುಂಡ, ಡಬ್ಬಗಳನ್ನು ಶನಿವಾರವೇ ಒಳಗೆ ತೆಗೆದಿಟ್ಟರೆ ಅಳೆಯುವುದು ಸುಲಭ. ಪತ್ರವನ್ನು ಗುರುವಾರ ಸಂಜೆ ಕುಳಿತು ಹೊಸದಾಗಿ ಬರೆಯೋಣ. ಅದಕ್ಕೆ ಮೊದಲ ಸಹಿ ನನ್ನದು.